ಮೂರು ವರ್ಷ, ಹನ್ನೊಂದು ಕೈ: ಕೋಲಾರದ ಒಂದು ಡಯಾಲಿಸಿಸ್ ವಾರ್ಡಿನ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ ಸ್ಟಾರ್. ಮಿಷನ್‌ಗಳ ಮೇಲೆ ದೂರಿಲ್ಲ, ನೀರಿನ ಮೇಲೆ ದೂರಿಲ್ಲ, ಬಿಲ್ಲಿನಲ್ಲಿ ಮೋಸವಿಲ್ಲ. ಉಳಿದ ಒಂದೂವರೆಯನ್ನು ಯಾಕೆ ಹಿಡಿದಿಟ್ಟುಕೊಂಡೆ ಎಂದು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿರುವುದು. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ನಾಳಿದ್ದು ಬೆಳಿಗ್ಗೆ ಆರು ಗಂಟೆಗೆ ಅದೇ ಮಂಚದ ಮೇಲೆ ಮಲಗಿ ಅವರಿಗೇ ತೋಳು ಚಾಚಬೇಕಾದವನು ನಾನು. ಕೋಲಾರದ ಊರೊಳಗಿರುವ ಖಾಸಗಿ ಆಸ್ಪತ್ರೆ, ಬಸ್ ಸ್ಟ್ಯಾಂಡಿನಿಂದ ಆಟೋಗೆ ನಲವತ್ತು ರೂಪಾಯಿ. ಡಯಾಲಿಸಿಸ್‌ಗೆ ಓಡಾಡುವವರಿಗೆ ಇಷ್ಟರಲ್ಲೇ ಗೊತ್ತಾಗುತ್ತದೆ. ಉಳಿದವರಿಗೆ ಗೊತ್ತಾಗುವ ಅಗತ್ಯ ಬಾರದಿರಲಿ.

ನಾನು ಕೆಎಸ್‌ಆರ್‌ಟಿಸಿಯಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನು. 2021ರಲ್ಲಿ ರಿಟೈರ್ ಆದೆ, 2022ರ ಆಗಸ್ಟ್‌ನಲ್ಲಿ ಕಿಡ್ನಿ ಕೈಕೊಟ್ಟಿತು. ಶುಗರ್ ಇಪ್ಪತ್ತು ವರ್ಷದ್ದು, ಬಿಪಿ ಅದರ ತಮ್ಮ. ಮಂಗಳವಾರ, ಗುರುವಾರ, ಶನಿವಾರ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಟಿಕೆಟ್ ಲೆಕ್ಕದ ವೇಬಿಲ್ ಬರೆದ ಕೈ ಸುಮ್ಮನಿರುವುದಿಲ್ಲವಲ್ಲ, ಮೊದಲ ದಿನದಿಂದಲೂ ಡೈರಿ ಇಟ್ಟಿದ್ದೇನೆ. ಬಂದಾಗಿನ ತೂಕ, ಹೋಗುವಾಗಿನ ತೂಕ, ಬಿಪಿ, ಮೈಯಿಂದ ಎಷ್ಟು ನೀರು ತೆಗೆದರು, ಸೂಜಿ ಹಾಕಿದವರು ಯಾರು. ಈ ಕೊನೆಯ ಕಾಲಂ ಶುರುವಿನಲ್ಲಿ ಇರಲಿಲ್ಲ, ಮೂರನೇ ತಿಂಗಳಲ್ಲಿ ಗೆರೆ ಹಾಕಿ ಸೇರಿಸಿದೆ. ಮೊನ್ನೆ ಕೂತು ಲೆಕ್ಕ ಹಾಕಿದರೆ, 450 ಸಲ ದಾಟಿದೆ, ಸೂಜಿ ಹಾಕುವ ಟೆಕ್ನಿಷಿಯನ್ನರ ಹನ್ನೊಂದು ಕೈ ಬದಲಾಗಿದೆ.

ಹೆಸರುಗಳನ್ನು ಹೇಳುವುದಿಲ್ಲ. ಹೇಳಬೇಕೆಂದರೂ ಕಂಡಕ್ಟರನಾದವನಿಗೆ ಪ್ಯಾಸೆಂಜರ್ ಹೆಸರು ನೆನಪಿರುವುದಿಲ್ಲ, ಇಳಿಯುವ ಸ್ಟಾಪು ನೆನಪಿರುತ್ತದೆ. ನನ್ನ ಡೈರಿಯಲ್ಲೂ ಹಾಗೆಯೇ ಇದೆ: ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು, ಕೆಜಿಎಫ್.

ಒಳ್ಳೆಯದನ್ನು ಮೊದಲು ಮುಗಿಸುತ್ತೇನೆ. ಎಂಟು ಮಿಷನ್ ಇವೆ. ಹೆಪಟೈಟಿಸ್ ಇರುವವರಿಗೆ ಬೇರೆ ಕೋಣೆ, ಬೇರೆ ಮಿಷನ್. ಒಂದು ಸಲಕ್ಕೆ 1,900 ರೂಪಾಯಿ, ರಕ್ತ ಹೆಚ್ಚಿಸುವ ಇಂಜೆಕ್ಷನ್‌ಗೆ ಪ್ರತ್ಯೇಕ ದುಡ್ಡು. ಕಿಡ್ನಿ ಡಾಕ್ಟರು ವಾರಕ್ಕೊಮ್ಮೆ ಬೆಂಗಳೂರಿನಿಂದ ಬರುತ್ತಾರೆ. ಲಿಫ್ಟ್ ಇದೆ, ಕರೆಂಟ್ ಹೋದರೂ ನಡೆಯುತ್ತದೆ. ಎಸಿ ಮಾತ್ರ ಡಿಸೆಂಬರಿನಲ್ಲೂ ಫುಲ್, ಮನೆಯಿಂದ ಕಂಬಳಿ ತನ್ನಿ. ಟಿವಿಯ ರಿಮೋಟ್ ಯಾವಾಗಲೂ ಮೂರನೇ ಮಂಚದ ಯಜಮಾನರ ಹತ್ತಿರ ಇರುತ್ತದೆ, ಅದರಲ್ಲಿ ಆಸ್ಪತ್ರೆಯ ತಪ್ಪೇನೂ ಇಲ್ಲ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಕೋಲಾರದವರಿಗೆ ನೀರೆಂದರೆ ಅನುಮಾನ ಹುಟ್ಟುಗುಣ. ಒಂದು ಸಲದ ಡಯಾಲಿಸಿಸ್‌ನಲ್ಲಿ ನನ್ನ ರಕ್ತದ ಆಚೆ ಬದಿಯಲ್ಲಿ ನಿಮಿಷಕ್ಕೆ ಅರ್ಧ ಲೀಟರಿನಂತೆ ನೀರು ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ಸಾವಿರ ಅಡಿ ದಾಟಿದ ಬೋರ್‌ವೆಲ್‌ನ ಉಪ್ಪುನೀರು, ಟ್ಯಾಂಕರ್ ನೀರು, ಇವುಗಳಲ್ಲಿ ಯಾವುದು ಬಂದರೂ ಮೊದಲು ಗಡಸು ತೆಗೆಯಬೇಕು, ಆಮೇಲೆ ಇದ್ದಿಲಿನ ಫಿಲ್ಟರ್, ಆಮೇಲೆ ಆರ್‌ಓ. ಕ್ಲೋರಿನ್ ಉಳಿದು ಒಳಗೆ ಹೋಯಿತೋ, ರಕ್ತಕಣಗಳೇ ಒಡೆಯುತ್ತವೆ. ಇದನ್ನು ನನಗೆ ಹೇಳಿಕೊಟ್ಟಿದ್ದು ಡಾಕ್ಟರಲ್ಲ, ಮಾಲೂರಿನ ಹುಡುಗ. 2018ರಲ್ಲಿ ಕೆಸಿ ವ್ಯಾಲಿ ನೀರು, ಎಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿದ ನೀರು, ನಮ್ಮ ಕೆರೆಗಳಿಗೆ ಬರಲು ಶುರುವಾದ ಮೇಲೆ ಊರಲ್ಲಿ ಏನೇನೋ ಮಾತು ಇತ್ತಲ್ಲ, ನಾನೂ ಭಯಪಟ್ಟು ಕೇಳಿದ್ದೆ. ಅವನು ನಕ್ಕು, ನನ್ನನ್ನು ಆರ್‌ಓ ರೂಮಿಗೇ ಕರೆದುಕೊಂಡು ಹೋಗಿ ಮೀಟರ್ ತೋರಿಸಿ, "ನೋಡಿ ಅಂಕಲ್, ನಿಮ್ಮ ಮನೇಲಿ ಕುಡಿಯೋ ನೀರಿಗಿಂತ ಇದು ತೆಳು" ಎಂದಿದ್ದ. ಆ ಒಂದು ನಿಮಿಷಕ್ಕೇ ನೀರಿಗೆ ಪೂರ್ತಿ ಮಾರ್ಕು ಕೊಟ್ಟಿರುವುದು. ಈಗ ಆ ರೂಮಿನ ಬಾಗಿಲು ತೆಗೆದು ತೋರಿಸುವ ಪುರುಸೊತ್ತು ಯಾರಿಗೂ ಇಲ್ಲ.

ಇನ್ನು ಕೈಗಳ ವಿಷಯ.

ನನ್ನ ಎಡಗೈಯಲ್ಲಿ ಫಿಸ್ಟುಲಾ ಇದೆ. ಅಪಧಮನಿ, ಅಭಿಧಮನಿ ಎರಡನ್ನೂ ಕೂಡಿಸಿ ಹೊಲಿಯುತ್ತಾರೆ, ಒಂದೆರಡು ತಿಂಗಳಿಗೆ ರಕ್ತನಾಳ ಹಗ್ಗದ ಹಾಗೆ ಉಬ್ಬುತ್ತದೆ. ಬೆರಳಿಟ್ಟರೆ ಗುರ್ರ್ ಎನ್ನುತ್ತದೆ, ಹಳೇ ಲೇಲ್ಯಾಂಡ್ ಬಸ್ಸು ಐಡ್ಲಿಂಗ್‌ನಲ್ಲಿ ನಿಂತ ಹಾಗೆ. ಆ ಗುರ್ರ್ ನಿಂತ ದಿನ ನನ್ನ ಬಸ್ಸು ಡಿಪೋದಲ್ಲೇ ನಿಂತಂತೆ. ಪ್ರತಿ ಸಲ ಅದರೊಳಗೆ ಎರಡು ಸೂಜಿ ಹೋಗಬೇಕು, ಒಂದರಲ್ಲಿ ರಕ್ತ ಹೊರಗೆ, ಇನ್ನೊಂದರಲ್ಲಿ ಒಳಗೆ. ಸೂಜಿ ಎಂದರೆ ಜ್ವರಕ್ಕೆ ಹಾಕುವ ಸೂಜಿಯಲ್ಲ. ಹದಿನಾರು ಗೇಜಿನದು, ಹೆಚ್ಚು ಕಡಿಮೆ ಗೋಣಿಚೀಲ ಹೊಲಿಯುವ ದಬ್ಬಳ. ಒಂದೇ ಜಾಗಕ್ಕೆ ಚುಚ್ಚುತ್ತಾ ಹೋದರೆ ಅಲ್ಲಿ ನಾಳ ಸಡಿಲವಾಗಿ ಬಲೂನಿನಂತೆ ಊದುತ್ತದೆ. ಹಾಗಾಗಿ ಏಣಿಯ ಮೆಟ್ಟಿಲಿನ ಹಾಗೆ ಜಾಗ ಬದಲಿಸುತ್ತಾ ಹೋಗಬೇಕು. ನನ್ನ ನಾಳ ಮೊಣಕೈಗೆ ಎರಡು ಬೆರಳು ಕೆಳಗೆ ಎಡಕ್ಕೆ ತಿರುಗುತ್ತದೆ. ಹೊರಗೆ ಕಾಣುವುದಿಲ್ಲ, ಮುಟ್ಟಿದರೆ ಮಾತ್ರ ತಿಳಿಯುವುದು, ಅದೂ ಎಂಟು ಹತ್ತು ಸಲ ಮುಟ್ಟಿದವರಿಗೆ.

ಹೊಸ ಡ್ರೈವರು ರೂಟಿಗೆ ಬಂದಾಗ ನಮಗೆ ಗೊತ್ತಾಗುತ್ತಿತ್ತು. ವೇಮಗಲ್ ದಾಟಿದ ಮೇಲೆ ಎಲ್ಲಿ ಹಂಪ್ ಇದೆ, ಯಾವ ತಿರುವಿನಲ್ಲಿ ಕುರಿ ಮಂದೆ ಅಡ್ಡ ಬರುತ್ತದೆ ಎಂದು ಅವನಿಗೆ ಗೊತ್ತಿರುವುದಿಲ್ಲ. ಒಳ್ಳೇ ಡ್ರೈವರೇ ಇರಬಹುದು, ಲೈಸೆನ್ಸ್ ಇದೆ, ಟ್ರೈನಿಂಗ್ ಆಗಿದೆ. ಆದರೂ ಹಿಂದಿನ ಸೀಟಿನವರ ತಲೆ ಮೇಲಿನ ಕಂಬಿಗೆ ತಾಗುತ್ತದೆ. ನನ್ನ ತೋಳೂ ಅಂಥದ್ದೇ ಒಂದು ರೂಟು. ಮೂರು ವರ್ಷದಲ್ಲಿ ಹನ್ನೊಂದು ಡ್ರೈವರು.

ಮಾಲೂರಿನವನು ಮೊದಲಿಗ, ಒಂಬತ್ತು ತಿಂಗಳು ಇದ್ದ. ಸೂಜಿ ಹಾಕುವ ಮೊದಲು ಕಣ್ಣು ಮುಚ್ಚಿ ಎರಡು ಬೆರಳಿಂದ ನಾಳದ ಮೇಲೆ ನಡೆದುಕೊಂಡು ಹೋಗುತ್ತಿದ್ದ. ಡೈರಿಯಲ್ಲಿ ಅವನ ಒಂಬತ್ತು ತಿಂಗಳಲ್ಲಿ ಒಂದೇ ಒಂದು ಸಲ "ಎರಡನೇ ಸಲ ಚುಚ್ಚಿದರು" ಎಂದಿದೆ. ಕೈಗೆ ಬರುತ್ತಿದ್ದ ಸಂಬಳ ಹದಿಮೂರು ಸಾವಿರ. ನಾನೇ ಕೇಳಿದ್ದು, ನಮ್ಮ ಕಡೆ ಸಂಬಳ ಕೇಳುವುದು ಊಟ ಆಯ್ತಾ ಎಂದು ಕೇಳಿದಷ್ಟೇ ಸಹಜ. ಕೋಲಾರದಲ್ಲಿ ರೂಮು ನಾಲ್ಕು ಸಾವಿರ. "ಬೆಂಗಳೂರಲ್ಲಿ ಇಪ್ಪತ್ತೆರಡು ಕೊಡ್ತಾರಂತೆ ಅಂಕಲ್, ಒಂದು ಹೊತ್ತು ಊಟಾನೂ" ಎಂದು ಹೇಳಿ ಒಂದು ಶನಿವಾರ ಹೋದ. ಹೋಗುವಾಗ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ವಾಪಸು ತೆಗೆದುಕೊಳ್ಳಲು ಹದಿನೈದು ದಿನ ಓಡಾಡಿದ. ಸೇರುವಾಗ ಒರಿಜಿನಲ್ ಇಟ್ಟುಕೊಳ್ಳುತ್ತಾರಂತೆ, ಓಡಿಹೋಗದಿರಲಿ ಎಂದು. ದನದ ಕೊರಳಿಗೆ ಮರದ ತುಂಡು ಕಟ್ಟಿದ ಹಾಗೆ. ಕಟ್ಟಿದರೆ ದನ ನಿಲ್ಲಬಹುದು, ಡಿಪ್ಲೊಮಾ ಓದಿದ ಹುಡುಗ ನಿಲ್ಲುತ್ತಾನೆಯೇ?

ಕಲೆಕ್ಷನ್ ಲೆಕ್ಕ ಹಾಕುವ ಚಾಳಿ ನನಗೆ ಬಿಟ್ಟಿಲ್ಲ. ಎಂಟು ಮಂಚ, ಮೂರು ಪಾಳಿ, ತಲೆಗೆ 1,900. ಪೂರ್ತಿ ತುಂಬಿದ ದಿನ 45,600 ರೂಪಾಯಿ. ಖರ್ಚೂ ಇದೆ, ಒಪ್ಪುತ್ತೇನೆ. ರಕ್ತ ಸೋಸುವ ಡಯಲೈಸರ್, ಟ್ಯೂಬು, ಕೆಮಿಕಲ್, ಕರೆಂಟ್, ನೀರು, ಬೆಂಗಳೂರಿನಿಂದ ಬರುವ ಡಾಕ್ಟರು. ಆದರೆ ಈ ಎಂಟು ಮಂಚವನ್ನು ಒಂದು ಪಾಳಿಯಲ್ಲಿ ನೋಡುವುದು ಇಬ್ಬರು. ಇಪ್ಪತ್ತಾರು ದಿನಕ್ಕೆ ಹದಿಮೂರು ಸಾವಿರವೆಂದರೆ ದಿನಕ್ಕೆ ಐನೂರು. ಬಂಗಾರಪೇಟೆಯ ಹುಡುಗ ಒಂದು ದಿನ ಹೇಳಿದ್ದು: "ಎಪಿಎಂಸಿ ಮಂಡಿಯಲ್ಲಿ ಟೊಮೇಟೊ ಬಾಕ್ಸ್ ಎತ್ತೋ ನನ್ನ ಫ್ರೆಂಡು ಸೀಸನ್‌ನಲ್ಲಿ ನನಗಿಂತ ಜಾಸ್ತಿ ತರ್ತಾನೆ ಸಾರ್. ಅವನ ಬಾಕ್ಸ್ ಬಿದ್ರೆ ಟೊಮೇಟೊ ಒಡೆಯುತ್ತೆ, ನನ್ನ ಕೈ ಜಾರಿದ್ರೆ?"

ಆ ಬಂಗಾರಪೇಟೆಯವನು ನರಸಾಪುರದ ಫ್ಯಾಕ್ಟರಿಗೆ ಹೋದ. ಮನೆ ಹತ್ತಿರಕ್ಕೆ ಬಸ್ಸು, ಕ್ಯಾಂಟೀನು, ಪಿಎಫ್, ರಾತ್ರಿ ಫೋನ್ ಬರುವುದಿಲ್ಲ, ರಕ್ತ ಇಲ್ಲ. ಎರಡು ವರ್ಷ ಡಯಾಲಿಸಿಸ್ ಓದಿ ಅಲ್ಲಿ ಬೇರೆ ಏನೋ ಜೋಡಿಸುತ್ತಾನೆ. ಅವನನ್ನು ಬೈಯ್ಯಲು ನನಗೆ ಬಾಯಿ ಬರುವುದಿಲ್ಲ. ಕೆಜಿಎಫ್‌ನವನ ಲೆಕ್ಕ ಇನ್ನೂ ಸರಳ: ಮಾರಿಕುಪ್ಪಂನಲ್ಲಿ ರೈಲು ಹತ್ತಿದರೆ ನೇರ ಬೆಂಗಳೂರು, ತಿಂಗಳ ಪಾಸು. ಕೋಲಾರಕ್ಕೆ ಬರುವುದಕ್ಕಿಂತ ಅದೇ ಸಸ್ತಾ, ಅಲ್ಲಿ ಸಂಬಳವೂ ಹೆಚ್ಚು. ಮುಳಬಾಗಿಲಿನವನು ಬಂದ ದಿನವೇ ಹೇಳಿದ್ದ, "ಎರಡು ವರ್ಷ ಎಕ್ಸ್‌ಪೀರಿಯೆನ್ಸ್ ಲೆಟರ್ ಬೇಕು, ಆಮೇಲೆ ಗಲ್ಫು." ಲೆಟರ್‌ಗಾಗಿ ಬಂದವನು ಲೆಟರ್ ಬಂದ ದಿನ ಹೋಗುತ್ತಾನೆ. ಅವನ ನಿಜವಾದ ಸಂಬಳ ಆ ಕಾಗದವೇ, ತಿಂಗಳಿಗೆ ಕೊಡುತ್ತಿದ್ದುದು ಬರೀ ಚಿಲ್ಲರೆ.

ಶ್ರೀನಿವಾಸಪುರದ ಹುಡುಗಿಯ ಕಥೆ ನನಗೆ ಬೇರೆ ಕಾರಣಕ್ಕೆ ಮರೆಯುವುದಿಲ್ಲ. ಬೆಳಗಿನ ಪಾಳಿ ಆರಕ್ಕೆ ಶುರುವಾಗಬೇಕಾದರೆ ಟೆಕ್ನಿಷಿಯನ್ ಐದಕ್ಕೇ ಬಂದು ಮಿಷನ್ ತೊಳೆದು, ಟ್ಯೂಬಿನಲ್ಲಿ ಗಾಳಿ ಇಲ್ಲದಂತೆ ಸಲೈನ್ ತುಂಬಿಸಿ ಇಡಬೇಕು. ಅವಳು ಮೊದಲ ಬಸ್ಸಿಗೆ ಬರುತ್ತಿದ್ದಳು, ಅದು ಬರದ ದಿನ ಅಪ್ಪನ ಬೈಕು. ಆ ಸಂಬಳದಲ್ಲಿ ಬಸ್ ಚಾರ್ಜಿಗೇ ಒಂದು ದೊಡ್ಡ ಪಾಲು ಹೋಗುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ ಪುಕ್ಕಟೆ. ನಾನು ಅಂದುಕೊಂಡೆ, ಸದ್ಯ, ಇವಳು ಉಳಿದಳು. ಮೂರು ತಿಂಗಳಿಗೆ ಹೊಸಕೋಟೆಯ ಆಸ್ಪತ್ರೆಗೆ ಹೋದಳು! ಬಸ್ಸು ಪುಕ್ಕಟೆಯೆಂದ ಮೇಲೆ ಕೋಲಾರಕ್ಕೇ ಯಾಕೆ ಇಳಿಯಬೇಕು, ಇನ್ನೊಂದು ಗಂಟೆ ಕೂತರೆ ಸಂಬಳ ಹೆಚ್ಚಲ್ಲವೇ. ಟಿಕೆಟ್ ಹರಿದು ಜೀವನ ಮಾಡಿದ ನನಗೆ ಇದು ಹೊಳೆದಿರಲಿಲ್ಲ ನೋಡಿ.

ಮೇ ತಿಂಗಳಲ್ಲಿ ಅವಳು ತೋಟದ ಮಾವಿನಹಣ್ಣು ತರುತ್ತಿದ್ದಳು, ಸ್ಟಾಫಿಗೆ. ನಮಗೆ ಕಾಣದಂತೆ ಬ್ಯಾಗಿನ ತಳದಲ್ಲಿಟ್ಟು ಮೇಲೆ ಟವೆಲ್ ಮುಚ್ಚಿ. ಡಯಾಲಿಸಿಸ್‌ನವರಿಗೆ ಪೊಟ್ಯಾಸಿಯಂ ಆಗಬಾರದು: ಮಾವು ಬೇಡ, ಎಳನೀರು ಬೇಡ, ಟೊಮೇಟೊ ಕಡಿಮೆ. ಶ್ರೀನಿವಾಸಪುರದ ಮಾವು, ಕೋಲಾರದ ಟೊಮೇಟೊ, ಇವೆರಡೂ ಬೇಡವೆಂದರೆ ಈ ಜಿಲ್ಲೆಯಲ್ಲಿ ಹುಟ್ಟಿದ್ದಾದರೂ ಯಾಕೆ! ಮುಚ್ಚಿಟ್ಟರೇನು, ವಾಸನೆಗೆ ಟವೆಲ್ ಅಡ್ಡ ಬರುತ್ತದೆಯೇ. ಎಂಟು ಮಂಚದವರೂ ಮೂಗು ಅರಳಿಸಿ ಮಲಗಿದ್ದೆವು. ಅವಳು ಹೋದ ಮೇಲೆ ವಾರ್ಡಿನಲ್ಲಿ ಬರೀ ಡಯಲೈಸರ್ ತೊಳೆಯುವ ಕೆಮಿಕಲ್ ವಾಸನೆ, ವಿನೆಗರ್ ಥರದ್ದು, ಕಣ್ಣು ಉರಿಸುವಂಥದ್ದು. ನಮಗೆ ಅದು ನಾಲ್ಕು ಗಂಟೆ, ಅವರಿಗೆ ದಿನಪೂರ್ತಿ. ಒಂದೊಂದು ಡಯಲೈಸರ್ ಮೇಲೂ ರೋಗಿಯ ಹೆಸರು, ಎಷ್ಟನೇ ಸಲ ಎಂಬ ನಂಬರು ಬರೆದು, ತೊಳೆದು, ಒಳಗಿನ ಎಳೆಗಳು ಎಷ್ಟು ಮುಚ್ಚಿಹೋಗಿವೆ ಎಂದು ಅಳೆದು, ಕಟ್ಟಿಹೋದದ್ದನ್ನು ಬಿಸಾಡಬೇಕು. ಒಬ್ಬರದ್ದು ಇನ್ನೊಬ್ಬರಿಗೆ ಹೋಗಬಾರದು. ಮೂರನೇ ಪಾಳಿ ಮುಗಿದು ರಾತ್ರಿ ಹತ್ತು ಗಂಟೆಗೆ ನಿದ್ದೆಗಣ್ಣಿನಲ್ಲಿ ಮಾಡುವ ಕೆಲಸ ಇದು. ಬಟನ್ ಒತ್ತುವವರು ಎಂದುಕೊಂಡಿರುವವರು ಒಂದು ದಿನ ಆ ತೊಳೆಯುವ ಕೋಣೆಯ ಬಾಗಿಲಲ್ಲಿ ಹತ್ತು ನಿಮಿಷ ನಿಂತು ನೋಡಲಿ.

ಎಕ್ಸ್‌ರೇ ರೂಮಿನಲ್ಲೂ ಇದೇ ಕಥೆ. ಹೆಂಡತಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ ನೋಡಿದೆ. ಅಲ್ಲಿನವರು ಎದೆಗೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತಾರೆ, ಮೈಗೆ ಎಷ್ಟು ಕಿರಣ ತಾಗಿತು ಎಂದು ಅಳೆಯಲು, ಮೂರು ತಿಂಗಳಿಗೊಮ್ಮೆ ಅದು ಪರೀಕ್ಷೆಗೆ ಹೋಗಿ ರಿಪೋರ್ಟ್ ಬರುತ್ತದೆ. "ರಿಪೋರ್ಟ್ ಬರೋಷ್ಟರಲ್ಲಿ ಆ ಬ್ಯಾಡ್ಜಿನೋನು ಇರಲ್ಲ" ಎಂದು ಅಲ್ಲಿಯ ಆಯಾ ನಕ್ಕಳು.

ಈಗ ಬರೆಯಲು ಕಷ್ಟವಾಗುವ ಎರಡು ಕೈಗಳ ವಿಷಯ.

ಒಂದು, ವೇಮಗಲ್‌ನ ಹುಡುಗ. ಒಂದು ಸಂಜೆ ಪಕ್ಕದ ಮಂಚದ ರೋಗಿಗೆ ಬಿಪಿ ಇಳಿದು ಬೆವರು ಕಿತ್ತುಕೊಂಡಿತು. ಇವನು ಸರಿಯಾಗಿಯೇ ಮಾಡಿದ, ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲು ಎತ್ತರಿಸಿ, ಸಲೈನ್ ಬಿಟ್ಟ. ಹಾಗೆ ಮಾಡಿದರೆ ಆ ದಿನ ತೂಕ ಪೂರ್ತಿ ಇಳಿಯುವುದಿಲ್ಲ, ಒಂದೂವರೆ ಕಿಲೋ ಮೈಯಲ್ಲೇ ಉಳಿಯಿತು. ರೋಗಿಯ ಮಗ ಬಂದವನು, "ದುಡ್ಡು ಪೂರ್ತಿ ತಗೊಂಡು ಅರ್ಧ ಮಾಡ್ತೀರಾ" ಎಂದು ಕಾಲರ್ ಹಿಡಿದ. ಗೋಡೆಯ ಮೇಲೆ, ಸರಿಯಾಗಿ ಅವರ ತಲೆಯ ಹಿಂದೆ, ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ಶಿಕ್ಷೆ ಎಂಬ 2009ರ ಕರ್ನಾಟಕ ಕಾಯ್ದೆಯ ಬೋರ್ಡು ಇತ್ತು. ಕಂಪ್ಲೇಂಟ್ ಯಾರೂ ಕೊಡಲಿಲ್ಲ. ಆಫೀಸಿನಿಂದ ಬಂದವರು ಹುಡುಗನಿಗೇ, "ಸಾರಿ ಹೇಳಿಬಿಡಪ್ಪ, ರೆಗ್ಯುಲರ್ ಪೇಷಂಟು" ಎಂದರು. ಅವನು ಹೇಳಿದ. ಮುಂದಿನ ವಾರ ಇರಲಿಲ್ಲ. ನಾವು ಏಳು ಜನ ಮಲಗಿದ್ದೆವು, ನಿಜ, ಸೂಜಿ ಚುಚ್ಚಿಸಿಕೊಂಡು ಎದ್ದೇಳಲು ಆಗುತ್ತಿರಲಿಲ್ಲ. ಬಾಯಿಗೆ ಸೂಜಿ ಚುಚ್ಚಿರಲಿಲ್ಲವಲ್ಲ. ಒಬ್ಬರೂ ಮಾತಾಡಲಿಲ್ಲ.

ಇನ್ನೊಂದು, ಚಿಂತಾಮಣಿಯ ಹುಡುಗಿ. ಇದು ನನ್ನದೇ ತಪ್ಪು. ಬಂದು ಹತ್ತು ದಿನವಾಗಿತ್ತು. ಅಂದು ಇಬ್ಬರ ಬದಲು ಅವಳೊಬ್ಬಳೇ ಪಾಳಿಯಲ್ಲಿದ್ದಳು, ಇನ್ನೊಬ್ಬರು ಹೇಳದೆ ಕೇಳದೆ ಬಿಟ್ಟುಹೋಗಿದ್ದರು. ನಾನು ಹೇಳಿದೆನಲ್ಲ, ಎಡಕ್ಕೆ ತಿರುಗುವ ಜಾಗ, ಅಲ್ಲಿಗೇ ಸೂಜಿ ಹಾಕಿದಳು. ನಾಳದ ಆಚೆ ಗೋಡೆ ತೂತಾಗಿ ರಕ್ತ ಚರ್ಮದಡಿ ಹರಿಯಿತು. ನೋಡನೋಡುತ್ತಲೇ ತೋಳು ಬದನೆಕಾಯಿ ಬಣ್ಣಕ್ಕೆ ಬಂತು. ನೋವಿಗಿಂತ ಹೆದರಿಕೆ, ಫಿಸ್ಟುಲಾ ಹೋಯಿತು ಎಂದು. "ಯಾವ ಕಾಲೇಜಲ್ಲಿ ಕಲಿತಮ್ಮ ನೀನು? ದುಡ್ಡು ಕೊಟ್ಟು ಪಾಸಾದೆಯಾ?" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದೆ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲು, ಕಾರಿಡಾರಿನ ಕೊನೆಯವರೆಗೂ ಹೋಗಿರಬೇಕು. ಅವಳು ಏನೂ ಹೇಳದೆ ಐಸ್ ತಂದು ಇಪ್ಪತ್ತು ನಿಮಿಷ ನನ್ನ ತೋಳು ಹಿಡಿದುಕೊಂಡು ನಿಂತಿದ್ದಳು. ಕೈ ನಡುಗುತ್ತಿತ್ತು. ಮೂರು ವಾರಕ್ಕೆ ಊರು ಕಂಡಳು. ಮನೆಯಲ್ಲಿ ಮದುವೆ ಗೊತ್ತಾಯಿತಂತೆ ಎಂದು ಸಿಸ್ಟರ್ ಹೇಳಿದರು, ಇರಬಹುದು. ಡೈರಿಯಲ್ಲಿ ಆ ದಿನದ ಪುಟದಲ್ಲಿ ನಾನು ಬರೆದಿರುವುದು ಮಾತ್ರ "ಊತ, ಐಸ್" ಎಂದು. ನಾನು ಕೂಗಿದ್ದು ಬರೆದಿಲ್ಲ.

ಚಿಲ್ಲರೆ ಇಲ್ಲವೆಂದು ಎರಡು ರೂಪಾಯಿಗೆ ನನ್ನ ತಾಯಿಯನ್ನು ಎತ್ತಿ ಬೈದ ಪ್ಯಾಸೆಂಜರುಗಳು ನನಗಿನ್ನೂ ನೆನಪಿದ್ದಾರೆ. ಆದರೆ ನಮಗೆ ಯೂನಿಯನ್ ಇತ್ತು, ಡಿಪೋ ಮ್ಯಾನೇಜರ್ ಮೆಮೊ ಕೊಟ್ಟರೂ ಉತ್ತರ ಬರೆಯಲು ಕಾಗದ ಇತ್ತು, ವಾರದ ರಜೆಯಲ್ಲಿ ದುಡಿದರೆ ಬದಲಿ ರಜೆ ಇತ್ತು. ಕಂಡಕ್ಟರ್ ಆದವನು ಸಂಚಾರ ನಿಯಂತ್ರಕನಾಗುವ ದಾರಿ ಇತ್ತು. ಇವರಿಗೆ ಏನಿದೆ? ನಮ್ಮ ರಕ್ತಕ್ಕೆ ಯುಗಾದಿ ಗೊತ್ತಿಲ್ಲ, ದೀಪಾವಳಿ ಗೊತ್ತಿಲ್ಲ, ಒಂದು ದಿನ ತಪ್ಪಿದರೆ ಮೈಯೆಲ್ಲ ನೀರು. ಹಾಗಾಗಿ ಅವರಿಗೂ ಹಬ್ಬ ಇಲ್ಲ.

ಉಳಿದಿರುವ ಒಬ್ಬರೇ ಒಬ್ಬರು ಸುಗಟೂರಿನವರು. ನಲವತ್ತೈದರ ಆಸುಪಾಸು, ಹನ್ನೆರಡು ವರ್ಷದಿಂದ ಇಲ್ಲೇ ಇದ್ದಾರೆ. ಸೇರಿದಾಗಲೂ ಟೆಕ್ನಿಷಿಯನ್, ಈಗಲೂ ಟೆಕ್ನಿಷಿಯನ್. ಅವರ ಪಾಳಿ ಇದ್ದ ದಿನ ಇಡೀ ವಾರ್ಡು ಹಗುರವಾಗಿರುತ್ತದೆ. ನನ್ನ ಒಣ ತೂಕ, ಎಂದರೆ ಹೆಚ್ಚುವರಿ ನೀರೆಲ್ಲ ತೆಗೆದ ಮೇಲಿನ ತೂಕ, 61 ಕಿಲೋ ಎಂದು ಫೈಲಿನಲ್ಲಿದೆ. ಅವರು ಫೈಲ್ ನೋಡುವುದಿಲ್ಲ, ಕಾಲಿನ ಗಿಣ್ಣು ಒತ್ತಿ ನೋಡಿ, "ಅವರೆಕಾಯಿ ಸೀಸನ್ ಶುರುವಾಯ್ತಾ ಸಾರ್? ಹಿತಕಿದಬೇಳೆ ಸಾರಿಗೆ ಉಪ್ಪು ಜೋರಾಗಿದೆ" ಎನ್ನುತ್ತಾರೆ. ಮೀನಖಂಡ ಹಿಡಿದುಕೊಳ್ಳುವುದಕ್ಕೆ ಐದು ನಿಮಿಷ ಮೊದಲೇ ಅವರಿಗೆ ನನ್ನ ಮುಖದಲ್ಲಿ ಗೊತ್ತಾಗಿಬಿಡುತ್ತದೆ. ಆರನೇ ಮಂಚದ ಅಜ್ಜಿಗೆ ತೆಲುಗು ಬಿಟ್ಟು ಬೇರೆ ಬರುವುದಿಲ್ಲ. "ಕದಲೊದ್ದಮ್ಮಾ, ಅಯಿಪೋಯಿಂದಿ" (ಅಲ್ಲಾಡಬೇಡಮ್ಮಾ, ಮುಗೀತು) ಎನ್ನುತ್ತಲೇ ಸೂಜಿ ಒಳಗೆ ಹೋಗಿರುತ್ತದೆ, ಅಜ್ಜಿ ಇನ್ನೂ ಯಾವಾಗ ಹಾಕುತ್ತಾನೆ ಎಂದು ಕಾಯುತ್ತಿರುತ್ತಾಳೆ.

ನೀವ್ಯಾಕೆ ಹೋಗಲಿಲ್ಲ ಎಂದು ಕೇಳಿದ್ದೆ. "ಒಂದೆಕರೆ ಹಿಪ್ಪುನೇರಳೆ ಇದೆ, ಅಮ್ಮ ಇದ್ದಾರೆ, ಸ್ವಂತ ಮನೆ. ಬಾಡಿಗೆ ಕಟ್ಟೋ ಹಾಗಿದ್ರೆ ನಾನೂ ಎರಡನೇ ವರ್ಷಕ್ಕೇ ಹೋಗ್ತಿದ್ದೆ" ಎಂದರು. ಎಂದರೆ ಆಸ್ಪತ್ರೆ ಉಳಿಸಿಕೊಂಡದ್ದಲ್ಲ, ರೇಷ್ಮೆ ಉಳಿಸಿಕೊಂಡದ್ದು. ಬಂದ ಪ್ರತಿ ಹುಡುಗನಿಗೂ ಇವರೇ ಕಲಿಸಬೇಕು, ಯಾರ ತೋಳು ಹೇಗೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಯಾರಿಗೆ ಕಡಿಮೆ, ಯಾರು ನೋವಾದರೂ ಹೇಳುವುದಿಲ್ಲ. ಕಲಿಸಿದ್ದಕ್ಕೆ ಬೇರೆ ಕಾಸಿಲ್ಲ. "ಕಲಿಸಿ ಕಲಿಸಿ ಬೆಂಗಳೂರಿಗೆ ಕಳಿಸೋದೇ ನನ್ನ ಡ್ಯೂಟಿ ಸಾರ್" ಎನ್ನುತ್ತಾರೆ. 2021ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ, ನರ್ಸುಗಳಿಗೆ ಇರುವ ಹಾಗೆ ಇವರಿಗೂ ಪರಿಷತ್ತು, ನೋಂದಣಿ ಎಂದು. ಆ ವಿಷಯ ಎತ್ತಿದರೆ ಕಣ್ಣು ಸ್ವಲ್ಪ ಅರಳುತ್ತದೆ. ಆಮೇಲೆ ಯಾವುದೋ ಮಿಷನ್ನು ಕೂಗುತ್ತದೆ, ಎದ್ದು ಹೋಗುತ್ತಾರೆ.

ಸರ್ಕಾರಿ ಆಸ್ಪತ್ರೆಗೆ ಹೋಗಬಾರದೇ ಎಂದು ಕೇಳುವವರಿದ್ದಾರೆ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಪುಕ್ಕಟೆ ಆಗಿದೆ, ಅದು ದೊಡ್ಡ ಮಾತು, ಆಗುವವರು ಖಂಡಿತ ಹೋಗಿ. ಆದರೆ ಅದನ್ನೂ ಖಾಸಗಿ ಸಹಭಾಗಿತ್ವದಲ್ಲಿ ನಡೆಸುವ ಏರ್ಪಾಡು ಮಾಡಿದ್ದಾರೆ. ಗುತ್ತಿಗೆಯ ಹುಡುಗರ ಪಾಡು ಗೋಡೆಯ ಬಣ್ಣ ಬದಲಾದರೆ ಬದಲಾಗುವುದಿಲ್ಲ.

ಹೊಸದಾಗಿ ಸೇರುವವರಿಗೆ ನಾಲ್ಕು ಮಾತು. ಆಸ್ಪತ್ರೆ ನೋಡಲು ಹೋದಾಗ ಮಿಷನ್ ಯಾವ ಕಂಪನಿಯದು ಎಂದು ಕೇಳಬೇಡಿ, ಎಲ್ಲ ಹೆಚ್ಚು ಕಡಿಮೆ ಒಂದೇ. ಇಲ್ಲಿ ಹಳೇ ಟೆಕ್ನಿಷಿಯನ್ ಯಾರು, ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ರಿಸೆಪ್ಷನ್ನಿನವರು ತಬ್ಬಿಬ್ಬಾದರೆ ಅದೇ ಉತ್ತರ. ಫಿಸ್ಟುಲಾ ಇರುವ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಬಿಡಬೇಡಿ. ಹೊಸಬರು ಮರೆಯುತ್ತಾರೆ, ನೀವೇ ಹೇಳಬೇಕು. ಬ್ಯಾಗು ಆ ಕೈಗೆ ನೇತುಹಾಕಬೇಡಿ. ನಾನು ಮೂವತ್ತೊಂದು ವರ್ಷ ದುಡ್ಡಿನ ಚೀಲ ಹಾಕಿದ ಕೈ ಅದು, ಈಗಲೂ ತಾನಾಗಿ ಎಡಕ್ಕೇ ಹೋಗುತ್ತದೆ, ಹೆಂಡತಿ ಕಿತ್ತುಕೊಳ್ಳುತ್ತಾಳೆ. ಹೊಸ ಕೈ ಬಂದಾಗ ಅವರ ಊರು ಕೇಳಿ, ತಿಂಡಿ ಆಯ್ತಾ ಕೇಳಿ, ಆಮೇಲೆ ನಿಮ್ಮ ನಾಳ ಎಲ್ಲಿ ತಿರುಗುತ್ತದೆ ಎಂದು ಅವರ ಬೆರಳು ಹಿಡಿದು ತೋರಿಸಿ. ನಾನು ಚಿಂತಾಮಣಿಯ ಹುಡುಗಿಗೆ ಇದನ್ನು ಮಾಡಿರಲಿಲ್ಲ.

ಮ್ಯಾನೇಜ್‌ಮೆಂಟಿನವರು ಓದುತ್ತಿದ್ದರೆ: ತಲೆಗೆ 1,900 ಇದ್ದದ್ದನ್ನು 1,950 ಮಾಡಿ, ಆ ಐವತ್ತು ಆ ಹುಡುಗರಿಗೆ ಹೋಗುತ್ತದೆ ಎಂದು ಬೋರ್ಡ್ ಹಾಕಿ. ತಿಂಗಳಿಗೆ ಆರುನೂರು ಚಿಲ್ಲರೆ ನನ್ನ ಪೆನ್ಷನ್ನಿಗೆ ಭಾರವೇ, ಆದರೂ ಕೊಡುತ್ತೇನೆ. ಒಂದು ಸಲ ತೋಳು ಊದಿದರೆ ಸ್ಕ್ಯಾನಿಂಗ್, ಬೆಂಗಳೂರಿನ ಓಡಾಟ ಸೇರಿ ಆರು ಸಾವಿರ ಕೊಟ್ಟವನು ನಾನು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವುದನ್ನೂ ನಿಲ್ಲಿಸಿ. ಇದು ನಡೆದ ದಿನ ಅರ್ಧ ಸ್ಟಾರ್ ಸೇರಿಸುತ್ತೇನೆ, ಹುಡುಗರು ಎರಡು ವರ್ಷ ನಿಂತರೆ ಉಳಿದದ್ದೂ.

ಊರು ಕೇಳುವ ಮುಂಚೆಯೇ ಹೋದ ಇಬ್ಬರೂ ಆ ಹನ್ನೊಂದರಲ್ಲಿ ಸೇರಿದ್ದಾರೆ. ಹನ್ನೊಂದನೆಯವನು ಗೌರಿಬಿದನೂರಿನವನು, ಇಲ್ಲಿಗೆ ಬಂದು ಎರಡು ವಾರವಾಯಿತು. ಮೊದಲ ದಿನ ಎರಡು ಸಲ ಚುಚ್ಚಿದ, ನಿನ್ನೆ ಒಂದೇ ಸಲಕ್ಕೆ ಸರಿಹೋಯಿತು. ಡೈರಿಯಲ್ಲಿ ಅವನ ಊರನ್ನು ಇನ್ನೂ ಪೆನ್ಸಿಲ್‌ನಲ್ಲೇ ಬರೆಯುತ್ತಿದ್ದೇನೆ.